ಕಂಪ್ಯೂಟರ್ ಎತ್ತಿದ ನಂಬರ್ ನಂಬಬಹುದಾ? ಲಕ್ಕಿ ಡ್ರಾದಿಂದ ಯುಪಿಐ ಬೀಗದವರೆಗೆ ದೊಡ್ಡ ಸಂಖ್ಯೆ ಹುಟ್ಟೋದು ಹೀಗೆ

ಕೊಣನೂರು: ಬಸ್ ನಿಲ್ದಾಣದ ಸುತ್ತಮುತ್ತ ಈಗ ಕ್ಯೂಆರ್ ಕೋಡ್ ಇಲ್ಲದ ಗಲ್ಲಾ ಹುಡುಕಬೇಕು. ಹತ್ತು ರೂಪಾಯಿ ಟೀ ಕುಡಿದವರೂ ಫೋನ್ ಎತ್ತಿ ಸ್ಕ್ಯಾನ್ ಮಾಡ್ತಾರೆ, ಡಬ್ಬಿ ಕೂಗಿ ಹೇಳುತ್ತೆ, ವ್ಯವಹಾರ ಮುಗೀತು. ಆ ಎರಡು ಸೆಕೆಂಡಿನಲ್ಲಿ ಫೋನೂ ಬ್ಯಾಂಕಿನ ಕಂಪ್ಯೂಟರೂ ಹೊರಗಿನವರಿಗೆ ಗೊತ್ತಾಗದ ಹಾಗೆ ಮಾತಾಡಿಕೊಂಡಿರುತ್ತವೆ. ಹಾಗೆ ಗುಟ್ಟಾಗಿ ಮಾತಾಡೋಕೆ ಬೇಕಾಗಿರೋದು ಯಾರೂ ಊಹಿಸೋಕಾಗದ ಒಂದು ದೊಡ್ಡ ಸಂಖ್ಯೆ.

ಇನ್ನೊಂದು ಕಡೆ ಹಬ್ಬ, ಕ್ರೀಡಾಕೂಟ, ಅಂಗಡಿ ವಾರ್ಷಿಕೋತ್ಸವ ಅಂತ ಬಂದಾಗ ಲಕ್ಕಿ ಡ್ರಾ ನಡೆಯುತ್ತೆ. ಮೊದಲೆಲ್ಲ ಡಬ್ಬದಲ್ಲಿ ಚೀಟಿ ಹಾಕಿ ಸಣ್ಣ ಮಗುವಿನ ಕೈಲಿ ಎತ್ತಿಸೋರು. ಈಗ "ಕಂಪ್ಯೂಟರ್‌ನಲ್ಲೇ ಎತ್ತಿದ್ದೀವಿ, ಮೋಸ ಇಲ್ಲ" ಅನ್ನೋ ಮಾತು ಬಂದಿದೆ.

ಎರಡು ಕಡೆಯೂ ಇರೋದು ಒಂದೇ ಪ್ರಶ್ನೆ: ಕಂಪ್ಯೂಟರ್ ಎತ್ತಿದ ನಂಬರ್ ನಿಜವಾಗಿ ಯಾರಿಗೂ ಮೊದಲೇ ಗೊತ್ತಿರೋದಿಲ್ವಾ? ಇದಕ್ಕೆ ಉತ್ತರ "ಎತ್ತಿದ ರೀತಿ ನೋಡಬೇಕು" ಅನ್ನೋದು. ಅದು ಹೇಗೆ ಅನ್ನೋದನ್ನ ಒಂದೊಂದಾಗಿ ನೋಡೋಣ.

ಶಕುಂತಲಾ ದೇವಿಗೆ ಕೊಟ್ಟ ಎರಡು ಸಂಖ್ಯೆ

ಬೆಂಗಳೂರಿನಲ್ಲಿ ಹುಟ್ಟಿದ ಶಕುಂತಲಾ ದೇವಿ ಹೆಸರು ಕೇಳದವರು ಕಡಿಮೆ. 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಅವರಿಗೆ 13 ಅಂಕಿಯ ಎರಡು ಸಂಖ್ಯೆ ಕೊಟ್ಟು ಗುಣಿಸಿ ಅಂದರು. ಮೊದಲನೆಯದು 7686369774870, ಎರಡನೆಯದು 2465099745779. ಅವರು 28 ಸೆಕೆಂಡಿನಲ್ಲಿ 18947668177995426462773730 ಅಂತ ಉತ್ತರ ಕೊಟ್ಟರು. ಗಿನ್ನೆಸ್ ದಾಖಲೆಗೆ ಸೇರಿದ ಲೆಕ್ಕ ಇದು.

ಆ 28 ಸೆಕೆಂಡನ್ನ ಎಲ್ಲರೂ ನೆನಪಿಟ್ಟುಕೊಂಡಿದ್ದಾರೆ. ಆದರೆ ಆ ಸಂಖ್ಯೆಗಳನ್ನ ಆರಿಸಿದ್ದು ಯಾರು ಅನ್ನೋದೂ ಅಷ್ಟೇ ಮುಖ್ಯ. ಅವನ್ನ ಆರಿಸಿದ್ದು ಕಾಲೇಜಿನ ಕಂಪ್ಯೂಟರ್ ವಿಭಾಗ, ಅದೂ ಯಾವ ಕ್ರಮವೂ ಇಲ್ಲದೆ ಸುಮ್ಮನೆ ಎತ್ತಿದ ಸಂಖ್ಯೆಗಳು. ಶಕುಂತಲಾ ದೇವಿ ಕಡೆಯವರೇ ಸಂಖ್ಯೆ ತಂದಿದ್ದರೆ ಉತ್ತರ ಮೊದಲೇ ಬಾಯಿಪಾಠ ಮಾಡಿದ್ದರು ಅಂತ ಯಾರಾದರೂ ಕೊಂಕು ತೆಗೀತಿದ್ದರು. 13 ಅಂಕಿಯ ಸಂಖ್ಯೆಗಳು ಒಟ್ಟು 9 ಲಕ್ಷ ಕೋಟಿ ಇವೆ. ಅದರಲ್ಲಿ ಯಾವ ಎರಡು ಬರುತ್ತವೆ ಅಂತ ಯಾರಿಗೂ ಗೊತ್ತಿರಲಿಲ್ಲ. ದಾಖಲೆಗೆ ಬೆಲೆ ಬಂದದ್ದು ಅದರಿಂದಲೂ ಹೌದು.

ಇಂಥ ಸಂಖ್ಯೆಗೆ ಪಠ್ಯಪುಸ್ತಕದಲ್ಲಿ ಯಾದೃಚ್ಛಿಕ ಸಂಖ್ಯೆ ಅಂತಾರೆ, ಕಂಪ್ಯೂಟರ್ ಕಲಿತವರು ರ್‍ಯಾಂಡಮ್ ನಂಬರ್ ಅಂತಾರೆ. ನಮ್ಮ ಕಡೆ ಮಾತಿನಲ್ಲಿ ಹೇಳೋದಾದರೆ ಚೀಟಿ ಎತ್ತಿ ಬಂದ ಸಂಖ್ಯೆ. ಅಣ್ಣತಮ್ಮಂದಿರು ಹೊಲ ಪಾಲು ಮಾಡಿಕೊಳ್ಳುವಾಗ ಚೀಟಿ ಎತ್ತೋದು ಯಾಕೆ? ಯಾವ ಪಾಲು ಯಾರಿಗೆ ಅಂತ ಮೊದಲೇ ಯಾರ ಕೈಲೂ ಇರಬಾರದು ಅಂತ.

ಕಂಪ್ಯೂಟರ್ ಬರೋ ಮೊದಲು

ಕಂಪ್ಯೂಟರ್ ಇಲ್ಲದ ಕಾಲದಲ್ಲೂ ಈ ಕೆಲಸ ಇತ್ತು. ಬೆಳೆ ಅಂದಾಜು, ಜನಸಂಖ್ಯೆ ಸಮೀಕ್ಷೆ ಮಾಡುವಾಗ ಎಲ್ಲ ಹೊಲ, ಎಲ್ಲ ಮನೆ ಸುತ್ತೋಕೆ ಆಗಲ್ಲ. ಕೆಲವನ್ನ ಮಾತ್ರ ಆರಿಸಬೇಕು. ಆರಿಸುವವರ ಇಷ್ಟಕ್ಕೆ ಬಿಟ್ಟರೆ ರಸ್ತೆ ಪಕ್ಕದ ಹೊಲ, ಗುರುತಿನವರ ಮನೆ ಮಾತ್ರ ಲೆಕ್ಕಕ್ಕೆ ಬರುತ್ತೆ.

ಅದಕ್ಕೇ ಸುಮ್ಮನೆ ಎತ್ತಿದ ಅಂಕಿಗಳನ್ನ ಪುಸ್ತಕದಲ್ಲಿ ಅಚ್ಚು ಹಾಕಿದರು. ಇಂಗ್ಲೆಂಡಿನ ಟಿಪೆಟ್ 1927ರಲ್ಲಿ 41,600 ಅಂಕಿಗಳ ಪಟ್ಟಿ ತಂದರು. ಅಮೆರಿಕದ ರ್‍ಯಾಂಡ್ ಸಂಸ್ಥೆ 1955ರಲ್ಲಿ 10 ಲಕ್ಷ ಅಂಕಿಗಳ ಪುಸ್ತಕವನ್ನೇ ಹೊರತಂದಿತು. ನಮ್ಮ ಹೂವಿನಹಡಗಲಿಯಲ್ಲಿ ಹುಟ್ಟಿ ಜಗತ್ತಿನ ದೊಡ್ಡ ಸಂಖ್ಯಾಶಾಸ್ತ್ರಜ್ಞರಲ್ಲಿ ಒಬ್ಬರಾದ ಸಿ.ಆರ್. ರಾವ್, ಮಿತ್ರಾ ಮತ್ತು ಮಥಾಯ್ ಜೊತೆ ಸೇರಿ 1966ರಲ್ಲಿ ತಂದ ಕೋಷ್ಟಕಗಳ ಪುಸ್ತಕದಲ್ಲೂ ಇಂಥ ಅಂಕಿಗಳ ಪುಟಗಳಿವೆ. ಸಂಖ್ಯಾಶಾಸ್ತ್ರ ಓದಿದ ಹಳೇ ವಿದ್ಯಾರ್ಥಿಗಳಿಗೆ ಆ ಪುಟಗಳ ನೆನಪಿರುತ್ತೆ.

ಈ ಪುಸ್ತಕಗಳು ಸಮೀಕ್ಷೆಗೆ ಸಾಕು. ಬೀಗಕ್ಕೆ ಸಾಲದು, ಯಾಕಂದ್ರೆ ಅಚ್ಚಾದ ಅಂಕಿ ಎಲ್ಲರಿಗೂ ಗೊತ್ತು. ಈ ವ್ಯತ್ಯಾಸ ನೆನಪಿನಲ್ಲಿರಲಿ, ಮುಂದೆ ಬೇಕಾಗುತ್ತೆ.

ಎಕ್ಸೆಲ್‌ನಲ್ಲಿ ಯಾಕೆ ಆಗಲ್ಲ

ಅಂಗಡಿ ಲೆಕ್ಕ ಬರೆಯೋ ಎಕ್ಸೆಲ್‌ನಲ್ಲೂ ಸುಮ್ಮನೆ ಸಂಖ್ಯೆ ಎತ್ತೋ ಸೌಲಭ್ಯ ಇದೆ. 700 ಕೂಪನ್‌ನಲ್ಲಿ ಒಂದು ಎತ್ತೋಕೆ ತೊಂದರೆ ಇಲ್ಲ. ಆದರೆ 26 ಅಂಕಿಯ ಸಂಖ್ಯೆ ಬೇಕು ಅಂದ್ರೆ ಅಲ್ಲಿ ಕೆಲಸ ನಡೆಯಲ್ಲ.

ನೋಡಬೇಕು ಅನ್ನಿಸಿದವರು ಶಕುಂತಲಾ ದೇವಿಯ ಲೆಕ್ಕವನ್ನೇ ಎಕ್ಸೆಲ್‌ಗೆ ಹಾಕಿ. ಅಂಕಣ ಅಗಲ ಮಾಡಿ ಪೂರ್ತಿ ಸಂಖ್ಯೆ ತೋರಿಸು ಅಂದರೆ 18947668177995400000000000 ಅಂತ ಬರುತ್ತೆ. ಮೊದಲ 15 ಅಂಕಿ ಸರಿ, ಆಮೇಲೆ 11 ಸೊನ್ನೆ. ಎಕ್ಸೆಲ್ ಒಂದು ಸಂಖ್ಯೆಯಲ್ಲಿ 15 ಅಂಕಿ ಮಾತ್ರ ಹಿಡಿಯುತ್ತೆ. ಉಳಿದದ್ದನ್ನ ದಶಾಂಶದ ಲೆಕ್ಕದಲ್ಲಿ ಅಂದಾಜು ಮಾಡಿ ಬಿಟ್ಟುಬಿಡುತ್ತೆ. ಬಿಲ್ಲಿಗೆ ಇದು ಸಾಕು, ಕೊಣನೂರಿನಲ್ಲಿ ಯಾರೂ 26 ಅಂಕಿಯ ಬಿಲ್ ಮಾಡಲ್ಲ.

ಆದರೆ ಗುಟ್ಟಿನ ಸಂಖ್ಯೆ ಎತ್ತುವಾಗ ಹೀಗಾದರೆ ಕಥೆ ಮುಗಿದಂತೆ. ನೋಡೋಕೆ 26 ಅಂಕಿ, ಅದರಲ್ಲಿ 11 ಎಲ್ಲರಿಗೂ ಗೊತ್ತಿರೋ ಸೊನ್ನೆ.

ಗಣಿತಕ್ಕೇ ಮಾಡಿದ ತಂತ್ರಾಂಶ

ಇದಕ್ಕಂತಲೇ ಬೇರೆ ಜಾತಿಯ ತಂತ್ರಾಂಶಗಳಿವೆ. ಮ್ಯಾಕ್ಸಿಮಾ, ಸೇಜ್, ಪಾರಿ ಇವು ಉಚಿತ. ಮ್ಯಾಥಮ್ಯಾಟಿಕಾ ದುಡ್ಡು ಕೊಟ್ಟು ತಗೊಳ್ಳೋದು. ಮ್ಯಾಕ್ಸಿಮಾದ ಮೂಲ 1960ರ ದಶಕದ ಕೊನೆಯಲ್ಲಿ ಅಮೆರಿಕದ ಎಂಐಟಿಯಲ್ಲಿ ಶುರುವಾದ ಕೆಲಸ. ಹಳೇ ಲ್ಯಾಪ್‌ಟಾಪ್‌ನಲ್ಲೂ ಇದು ನಡೆಯುತ್ತೆ, ಪದವಿ ಓದೋ ಮಕ್ಕಳು ಹಾಕಿಕೊಂಡು ನೋಡಬಹುದು.

ಇವು ಲೆಕ್ಕವನ್ನ ನಾವು ಕಾಗದದ ಮೇಲೆ ಮಾಡೋ ಹಾಗೆ ಮಾಡ್ತವೆ. ಮೂರನೇ ಒಂದು ಭಾಗ ಅಂದ್ರೆ 0.333 ಅಂತ ಕತ್ತರಿಸಲ್ಲ, ಮೂರನೇ ಒಂದು ಅಂತಲೇ ಇಟ್ಟುಕೊಳ್ತವೆ. ಎಕ್ಸ್, ವೈ ಅಕ್ಷರಗಳನ್ನ ಹಾಗೇ ಇಟ್ಟು ಸಮೀಕರಣ ಬಿಡಿಸ್ತವೆ. ಪೂರ್ಣಸಂಖ್ಯೆ ಎಷ್ಟೇ ಉದ್ದ ಇರಲಿ, ಮೆಮೊರಿಯಲ್ಲಿ ಜಾಗ ಇರೋವರೆಗೆ ಒಂದಂಕಿಯನ್ನೂ ಬಿಡಲ್ಲ. ಉದ್ದದ ಸಂಖ್ಯೆಯನ್ನ ತುಂಡು ತುಂಡಾಗಿ ಇಟ್ಟುಕೊಂಡು, ಮೇಷ್ಟ್ರು ಬೋರ್ಡಿನ ಮೇಲೆ ದಶಕ ಮೇಲಿಟ್ಟು ಕೂಡೋ ಹಾಗೆ ಕೂಡ್ತವೆ.

ಮ್ಯಾಕ್ಸಿಮಾದಲ್ಲಿ ರ್‍ಯಾಂಡಮ್ ಅನ್ನೋ ಆದೇಶ ಇದೆ. ಅದಕ್ಕೆ 10ರ ಘಾತ 100 ಅಂತ ಕೊಟ್ಟರೆ ಸೊನ್ನೆಯಿಂದ ಶುರುವಾಗಿ 100 ಅಂಕಿವರೆಗಿನ ಯಾವುದೋ ಒಂದು ಪೂರ್ಣಸಂಖ್ಯೆ ಕೊಡುತ್ತೆ. ಅದೇ 10ರ ಬದಲು 10.0 ಅಂತ ಚುಕ್ಕೆ ಹಾಕಿ ಕೊಟ್ಟರೆ ಮತ್ತೆ ದಶಾಂಶದ ಲೆಕ್ಕಕ್ಕೆ ಇಳಿದು ಮೊದಲ 16 ಅಂಕಿ ಬಿಟ್ಟರೆ ಉಳಿದದ್ದಕ್ಕೆ ಅರ್ಥ ಇರಲ್ಲ. ಒಂದು ಚುಕ್ಕೆಯಿಂದ ಆಗೋ ವ್ಯತ್ಯಾಸ ಇದು.

700 ಕೂಪನ್ ಲೆಕ್ಕ

ದೊಡ್ಡ ಸಂಖ್ಯೆ ಹೇಗೆ ಹುಟ್ಟುತ್ತೆ ಅನ್ನೋಕೆ ಊರಿನ ಉದಾಹರಣೆ ತಗೊಳ್ಳೋಣ. 700 ಕೂಪನ್ ಇವೆ. ಮೂರು ಡಬ್ಬ ಇಟ್ಟು ಒಂದೊಂದರಲ್ಲೂ 0ಯಿಂದ 9ರವರೆಗೆ ಹತ್ತು ಚೀಟಿ ಹಾಕಿ. ಒಂದೊಂದು ಡಬ್ಬದಿಂದ ಒಂದೊಂದು ಚೀಟಿ ಎತ್ತಿ ಜೋಡಿಸಿದರೆ 000ಯಿಂದ 999ರವರೆಗೆ ಯಾವುದಾದರೂ ಬರುತ್ತೆ, ಎಲ್ಲಕ್ಕೂ ಸಮಾನ ಅವಕಾಶ. ಕಂಪ್ಯೂಟರ್ ಕೂಡ ಸಣ್ಣ ಸಣ್ಣ ತುಂಡುಗಳನ್ನ ಎತ್ತಿ ಹೀಗೇ ಜೋಡಿಸಿ ದೊಡ್ಡ ಸಂಖ್ಯೆ ಮಾಡುತ್ತೆ. ಮೂರರ ಬದಲು ನೂರು ಡಬ್ಬ ಅಂದುಕೊಳ್ಳಿ, ಅಷ್ಟೇ.

ಈಗ 850 ಬಂತು ಅನ್ನಿ. ಅಂಥ ಕೂಪನ್ ಇಲ್ಲ. ಕೆಲವರು "700 ಕಳೆದು 150ನೇ ಕೂಪನ್‌ಗೆ ಕೊಡೋಣ" ಅಂತಾರೆ. ಕೇಳೋಕೆ ಸರಿ ಅನ್ನಿಸುತ್ತೆ, ಆದರೆ ಇಲ್ಲೇ ಅನ್ಯಾಯ ನುಸುಳೋದು. 150ನೇ ಕೂಪನ್‌ನವರು 150 ಬಂದರೂ ಗೆಲ್ತಾರೆ, 850 ಬಂದರೂ ಗೆಲ್ತಾರೆ. 400ನೇ ಕೂಪನ್‌ನವರಿಗೆ 400 ಬಂದರೆ ಮಾತ್ರ. ಹೀಗೆ 1ರಿಂದ 299ರವರೆಗಿನ ಕೂಪನ್‌ಗಳಿಗೆ ಉಳಿದವರಿಗಿಂತ ಎರಡು ಪಟ್ಟು ಅವಕಾಶ ಸಿಕ್ಕಿಬಿಡುತ್ತೆ. ಮೊದಲು ಕೂಪನ್ ತಗೊಂಡವರು ಸಂಘಟಕರ ಹತ್ತಿರದವರೇ ಆಗಿದ್ದರೆ? ಯಾರೂ ಮೋಸ ಮಾಡದೇ ಮೋಸ ಆಗಿರುತ್ತೆ.

ಸರಿಯಾದ ದಾರಿ ಸುಲಭ. 700 ದಾಟಿದರೆ ಅಥವಾ 000 ಬಂದರೆ ಅದನ್ನ ಬಿಟ್ಟು ಮೂರೂ ಚೀಟಿ ವಾಪಸ್ ಹಾಕಿ ಮತ್ತೆ ಎತ್ತಬೇಕು. ಒಳ್ಳೆ ತಂತ್ರಾಂಶಗಳೂ ಒಳಗೆ ಇದನ್ನೇ ಮಾಡ್ತವೆ: ಮಿತಿ ದಾಟಿದ್ದನ್ನ ಬಿಸಾಕಿ ಮತ್ತೆ ಎತ್ತೋದು.

ಬೀಜ ಒಂದೇ ಆದರೆ ಬೆಳೆಯೂ ಒಂದೇ

ಇಲ್ಲಿಂದ ವಿಷಯ ಸ್ವಲ್ಪ ಗಂಭೀರ ಆಗುತ್ತೆ. ಕಂಪ್ಯೂಟರ್ ಹೇಳಿದ ಲೆಕ್ಕ ಮಾಡೋ ಯಂತ್ರ. ಅದಕ್ಕೆ ಡಬ್ಬ ಅಲ್ಲಾಡಿಸೋಕೆ ಬರಲ್ಲ. ಹಾಗಾಗಿ ಅದು ಒಂದು ಆರಂಭದ ಸಂಖ್ಯೆ ತಗೊಂಡು, ಅದನ್ನ ಹಿಂದೆ ಮುಂದೆ ಕಲಸಿ ಒಂದು ಸಂಖ್ಯೆ ಕೊಡುತ್ತೆ. ಅದನ್ನ ಮತ್ತೆ ಕಲಸಿ ಇನ್ನೊಂದು. ಹೀಗೆ ಕೊನೆ ಇಲ್ಲದ ಸಾಲು. ಆ ಆರಂಭದ ಸಂಖ್ಯೆಗೆ ಬೀಜ ಅಂತ ಹೆಸರು. ಒಂದೇ ಬೀಜ ಹಾಕಿದರೆ ಪ್ರತಿ ಸಲವೂ ಅದೇ ಸಾಲು ಬರುತ್ತೆ, ಒಂದಂಕಿಯೂ ಬದಲಾಗಲ್ಲ.

ಮ್ಯಾಕ್ಸಿಮಾ ಬಳಸೋ ಕಲಸುವ ವಿಧಾನದ ಹೆಸರು ಮರ್ಸೆನ್ ಟ್ವಿಸ್ಟರ್. ಜಪಾನಿನ ಮತ್ಸುಮೊತೊ ಮತ್ತು ನಿಶಿಮುರ 1998ರಲ್ಲಿ ಪ್ರಕಟಿಸಿದ್ದು. ಇದರ ಸಾಲು ಎಷ್ಟು ಉದ್ದ ಅಂದ್ರೆ ಮತ್ತೆ ಮೊದಲಿನಿಂದ ಶುರುವಾಗೋದನ್ನ ಯಾರೂ ಕಾಯೋಕಾಗಲ್ಲ. ಆದರೆ ಮ್ಯಾಕ್ಸಿಮಾ ಮುಚ್ಚಿ ಹೊಸದಾಗಿ ತೆರೆದರೆ ಅದು ಅದೇ ಬೀಜದಿಂದ ಶುರು ಮಾಡುತ್ತೆ. ಬೀಜ ಬದಲಿಸು ಅಂತ ನಾವೇ ಹೇಳಬೇಕು. ಹೇಳದಿದ್ದರೆ ನಿನ್ನೆ ಬಂದ ಮೊದಲ ಸಂಖ್ಯೆಯೇ ಇವತ್ತೂ ಮೊದಲು ಬರುತ್ತೆ. ಪಾರಿ ತಂತ್ರಾಂಶದ್ದೂ ಇದೇ ಸ್ವಭಾವ.

ಇದು ದೋಷ ಅಲ್ಲ. ಸಂಶೋಧನೆ ಮಾಡೋರಿಗೆ ಇವತ್ತಿನ ಲೆಕ್ಕ ನಾಳೆಯೂ ಹಾಗೇ ಬಂದರೆ ತಪ್ಪು ಹುಡುಕೋದು ಸುಲಭ, ಅದಕ್ಕೇ ಹಾಗೆ ಇಟ್ಟಿದ್ದಾರೆ. ಆದರೆ ಇದನ್ನ ತಿಳಿದವರು ವೇದಿಕೆ ಮೇಲೆ ಡ್ರಾ ಮಾಡಿದರೆ? ರಾತ್ರಿ ಮನೆಯಲ್ಲಿ ಒಂದು ಸಲ ನಡೆಸಿ ನೋಡಿ, ಬರೋ ನಂಬರಿನ ಕೂಪನ್ ಬೇಕಾದವರಿಗೆ ಕೊಟ್ಟು, ಮರುದಿನ ಎಲ್ಲರ ಮುಂದೆ ಗುಂಡಿ ಒತ್ತಿದರೆ ಆಯಿತು. ನೋಡಿದವರಿಗೆಲ್ಲ ಕಂಪ್ಯೂಟರೇ ಎತ್ತಿದ್ದು ಅಂತ ಕಾಣುತ್ತೆ.

"ಗಡಿಯಾರದ ಸಮಯವನ್ನೇ ಬೀಜ ಮಾಡಿದರೆ ಸರಿ ಹೋಗುತ್ತಲ್ಲ" ಅಂತ ಕೇಳಬಹುದು. ದಿನಕ್ಕೆ 86,400 ಸೆಕೆಂಡ್. ಸಂಜೆ 6ರಿಂದ 6.10ರ ಒಳಗೆ ಡ್ರಾ ಅಂತ ಗೊತ್ತಿದ್ದರೆ 600 ಬೀಜ ಮಾತ್ರ. ಸಂಖ್ಯೆ 100 ಅಂಕಿ ಇದ್ದರೂ ಬರೋಕೆ ಸಾಧ್ಯ ಇರೋದು 600 ಸಂಖ್ಯೆ ಮಾತ್ರ, ಅಷ್ಟನ್ನೂ ಕಂಪ್ಯೂಟರ್ ಕಣ್ಣು ಮಿಟುಕಿಸೋದ್ರೊಳಗೆ ಪಟ್ಟಿ ಮಾಡುತ್ತೆ. 1995ರಲ್ಲಿ ಅಮೆರಿಕದ ಬರ್ಕ್ಲಿಯ ಇಬ್ಬರು ವಿದ್ಯಾರ್ಥಿಗಳು, ಇಯಾನ್ ಗೋಲ್ಡ್‌ಬರ್ಗ್ ಮತ್ತು ಡೇವಿಡ್ ವ್ಯಾಗ್ನರ್, ಆಗ ಎಲ್ಲರೂ ಬಳಸುತ್ತಿದ್ದ ನೆಟ್‌ಸ್ಕೇಪ್ ಬ್ರೌಸರಿನ ಗುಟ್ಟನ್ನ ಒಡೆದದ್ದು ಇದೇ ದಾರಿಯಲ್ಲಿ. ಅದರ ಬೀಜ ಸಮಯ ಮತ್ತು ಇನ್ನೆರಡು ಸಣ್ಣ ಸಂಖ್ಯೆಗಳಿಂದ ಬರುತ್ತಿತ್ತು.

ಅಂಕಿ ಎಷ್ಟು ಉದ್ದ ಇದೆ ಅಂತ ನೋಡಿ ಸಮಾಧಾನ ಪಡೋ ಹಾಗಿಲ್ಲ. ಎಷ್ಟು ಚೀಟಿಗಳ ಮಧ್ಯದಿಂದ ಅದನ್ನ ಎತ್ತಿದ್ದು ಅಂತ ಕೇಳಬೇಕು. ಈ ವಿಷಯದ ತಿರುಳು ಇಷ್ಟೇ.

ಲಾಟರಿ ಕಂಪ್ಯೂಟರಿಗೆ ಕೈ ಹಾಕಿದವನು

ಕರ್ನಾಟಕದಲ್ಲಿ ಲಾಟರಿ ಮಾರಾಟ 2007ರಲ್ಲೇ ನಿಷೇಧ ಆಯಿತು. ಅಮೆರಿಕದ ಹಲವು ರಾಜ್ಯಗಳಲ್ಲಿ ಸರ್ಕಾರವೇ ಲಾಟರಿ ನಡೆಸುತ್ತೆ. ಅಲ್ಲಿ ಎಡ್ಡಿ ಟಿಪ್ಟನ್ ಅನ್ನೋ ವ್ಯಕ್ತಿ ಹಲವು ರಾಜ್ಯಗಳ ಲಾಟರಿ ಒಕ್ಕೂಟದಲ್ಲಿ ಕಂಪ್ಯೂಟರ್ ಭದ್ರತೆ ನೋಡಿಕೊಳ್ಳುತ್ತಿದ್ದ. ನಂಬರ್ ಎತ್ತೋ ತಂತ್ರಾಂಶ ಬರೆದವನೂ ಅವನೇ. ವರ್ಷದಲ್ಲಿ ಮೂರು ದಿನ, ಕೆಲವು ಷರತ್ತು ಕೂಡಿ ಬಂದಾಗ, ಬರೋ ನಂಬರ್ ಮೊದಲೇ ಲೆಕ್ಕ ಹಾಕೋಕೆ ಆಗುವ ಹಾಗೆ ಅದರಲ್ಲಿ ಕೆಲವು ಸಾಲು ಸೇರಿಸಿಟ್ಟಿದ್ದ.

2010ರ ಡಿಸೆಂಬರ್‌ನಲ್ಲಿ ಒಂದೂವರೆ ಕೋಟಿ ಡಾಲರಿಗೂ ಹೆಚ್ಚಿನ ಬಹುಮಾನ ಬಿತ್ತು. ಹಣ ಕೇಳೋಕೆ ಸುಮಾರು ಒಂದು ವರ್ಷ ಯಾರೂ ಬರಲಿಲ್ಲ. ಟಿಕೆಟ್ ಕೊಂಡ ಅಂಗಡಿಯ ಸಿಸಿಟಿವಿ ದೃಶ್ಯ ಬಿಡುಗಡೆ ಆದಾಗ ಗುರುತು ಸಿಕ್ಕಿತು. 2017ರಲ್ಲಿ ಅವನು ತಪ್ಪೊಪ್ಪಿಕೊಂಡ, 25 ವರ್ಷದವರೆಗಿನ ಸಜೆ ಆಯಿತು. ಅಲ್ಲಿ ಕಂಪ್ಯೂಟರ್ ತಪ್ಪು ಲೆಕ್ಕ ಮಾಡಿರಲಿಲ್ಲ, ಬರೆದುಕೊಟ್ಟ ಹಾಗೆ ಕೆಲಸ ಮಾಡಿತ್ತು.

ಗಲ್ಲಾಕ್ಕೆ ಸಂಬಂಧ ಎಲ್ಲಿ?

ಬ್ಯಾಂಕಿನ ವೆಬ್‌ಸೈಟ್ ತೆರೆದಾಗ ಕಾಣೋ ಬೀಗದ ಗುರುತಿನ ಹಿಂದೆ ಬಳಸೋ ಒಂದು ಹಳೇ, ನಂಬಿಕೆಯ ವಿಧಾನ ಆರ್‌ಎಸ್‌ಎ. ಇದರಲ್ಲಿ ಎರಡು ದೊಡ್ಡ ಅವಿಭಾಜ್ಯ ಸಂಖ್ಯೆ ತಗೊಂಡು ಗುಣಿಸಿ, ಗುಣಲಬ್ಧವನ್ನ ಎಲ್ಲರಿಗೂ ತೋರಿಸ್ತಾರೆ. ಆ ಎರಡು ಯಾವುವು ಅನ್ನೋದು ಗುಟ್ಟು. 91 ಅಂದ್ರೆ 7 ಇಂಟು 13 ಅಂತ ಯಾರಾದರೂ ಹೇಳ್ತಾರೆ. ಆದರೆ ಇವತ್ತು ಹೆಚ್ಚಾಗಿ ಬಳಸೋ ಅಳತೆಯಲ್ಲಿ ಗುಣಲಬ್ಧ 617 ಅಂಕಿ ಇರುತ್ತೆ. ಅದನ್ನ ಒಡೆದು ಎರಡು ಮಾಡೋಕೆ ಈಗಿರೋ ಯಾವ ಕಂಪ್ಯೂಟರಿಗೂ ಆಗಿಲ್ಲ.

ಸುಮಾರು 309 ಅಂಕಿಯ ಅವಿಭಾಜ್ಯ ಸಂಖ್ಯೆ ಎಲ್ಲಿಂದ ತರೋದು? ಪಟ್ಟಿ ಇಲ್ಲ. ಸುಮ್ಮನೆ ಒಂದು ಬೆಸ ಸಂಖ್ಯೆ ಎತ್ತಿ ಪರೀಕ್ಷೆ ಮಾಡೋದು, ಅಲ್ಲ ಅಂದ್ರೆ ಇನ್ನೊಂದು ಎತ್ತೋದು. ಅಷ್ಟು ದೊಡ್ಡ ಬೆಸ ಸಂಖ್ಯೆಗಳಲ್ಲಿ ಸರಾಸರಿ 355ಕ್ಕೆ ಒಂದು ಅವಿಭಾಜ್ಯ ಆಗಿರುತ್ತೆ, ಹಾಗಾಗಿ ಕಂಪ್ಯೂಟರಿಗೆ ಬೇಗನೇ ಸಿಗುತ್ತೆ. ಒಂದು ಸಂಖ್ಯೆ ಅವಿಭಾಜ್ಯವೇ ಅಂತ ಖಚಿತವಾಗಿ, ಸಂಖ್ಯೆ ಉದ್ದ ಆದರೂ ಲೆಕ್ಕ ಕೈ ಮೀರಿ ಬೆಳೆಯದ ಹಾಗೆ ಹೇಳೋ ವಿಧಾನವನ್ನ 2002ರಲ್ಲಿ ಜಗತ್ತಿಗೆ ಕೊಟ್ಟದ್ದು ಐಐಟಿ ಕಾನ್ಪುರದ ಮಣೀಂದ್ರ ಅಗರ್ವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನಾ. ದಿನನಿತ್ಯ ಬಳಸೋದು ಇದಕ್ಕಿಂತ ಬೇಗ ಮುಗಿಯೋ ಬೇರೆ ಪರೀಕ್ಷೆ.

ಇಲ್ಲಿ ಎತ್ತೋದು ಕೆಟ್ಟರೆ ಎಲ್ಲ ಕೆಟ್ಟಿತು. ಲಿನಕ್ಸ್‌ನ ಒಂದು ಬಗೆಯಾದ ಡೆಬಿಯನ್‌ನಲ್ಲಿ 2006ರಲ್ಲಿ ಯಾರೋ ಬೇಡದ ಸಾಲು ಅಂದುಕೊಂಡು ತೆಗೆದ ಕೋಡ್‌ನಿಂದ ಬೀಜದ ಆಯ್ಕೆ ಕುಸಿದು ಬರೀ 32,768ಕ್ಕೆ ಇಳಿಯಿತು. ಅದು ಬೆಳಕಿಗೆ ಬಂದದ್ದು 2008ರ ಮೇ ತಿಂಗಳಲ್ಲಿ. ಅಷ್ಟರವರೆಗೆ ಮಾಡಿದ ಬೀಗದ ಕೈಗಳು ನೋಡೋಕೆ ನೂರಾರು ಅಂಕಿ ಉದ್ದ, ಆದರೆ ಗೊಂಚಲಿನಲ್ಲಿ ಇದ್ದದ್ದು ಮೂವತ್ತೆರಡು ಸಾವಿರ ಚಿಲ್ಲರೆ ಕೈ.

2012ರಲ್ಲಿ ಇನ್ನೊಂದು ಬಯಲಾಯಿತು. ನಾಡಿಯಾ ಹೆನಿಂಗರ್ ಮತ್ತು ಜೊತೆಗಾರರು ಇಂಟರ್ನೆಟ್‌ನಲ್ಲಿ ಸಿಗೋ ಲಕ್ಷಾಂತರ ಬೀಗಗಳ ಗುಣಲಬ್ಧ ಒಟ್ಟು ಮಾಡಿ, ಎರಡೆರಡಕ್ಕೆ ಮಹತ್ತಮ ಸಾಮಾನ್ಯ ಅಪವರ್ತನ ಕಂಡುಹಿಡಿದರು. ಎಸ್‌ಎಸ್‌ಎಲ್‌ಸಿ ಮಕ್ಕಳು ಯೂಕ್ಲಿಡ್ ಹೆಸರಲ್ಲಿ ಓದಿದ ಲೆಕ್ಕವೇ ಅದು. 91 ಮತ್ತು 119 ತಗೊಳ್ಳಿ. ಎರಡಕ್ಕೂ 7 ಸಾಮಾನ್ಯ. ಅದು ಸಿಕ್ಕ ತಕ್ಷಣ 91 ಅಂದ್ರೆ 7 ಇಂಟು 13, 119 ಅಂದ್ರೆ 7 ಇಂಟು 17, ಎರಡೂ ಬೀಗ ತೆರೆದವು. ದೊಡ್ಡ ಸಂಖ್ಯೆ ಒಡೆಯೋದು ಕಷ್ಟ, ಎರಡರ ಮಧ್ಯೆ ಸಾಮಾನ್ಯ ಅಂಶ ಹುಡುಕೋದು ಬಹಳ ಸುಲಭ. ಹೀಗೆ ಅವರು ಪರೀಕ್ಷಿಸಿದ ಬೀಗದ ಗುರುತಿನ ಯಂತ್ರಗಳಲ್ಲಿ ಪ್ರತಿ 200ಕ್ಕೆ ಒಂದರ ಗುಟ್ಟು ಕೈಗೆ ಸಿಕ್ಕಿತು.

ಸಿಕ್ಕಿಬಿದ್ದವುಗಳಲ್ಲಿ ಹೆಚ್ಚಿನವು ರೂಟರ್‌ನಂಥ ಸಣ್ಣ ಪೆಟ್ಟಿಗೆಗಳು. ಕರೆಂಟ್ ಕೊಟ್ಟು ಮೊದಲ ಸಲ ಆನ್ ಮಾಡಿದಾಗ ಅವಕ್ಕೆ ಹೊರಗಿನ ಯಾವ ಗದ್ದಲವೂ ಸಿಕ್ಕಿರಲ್ಲ. ಒಂದೇ ಮಾದರಿಯ ಪೆಟ್ಟಿಗೆಗಳೆಲ್ಲ ಹೆಚ್ಚುಕಡಿಮೆ ಒಂದೇ ಬೀಜದಿಂದ ಶುರು ಮಾಡಿ, ಬೇರೆ ಬೇರೆ ಊರಿನಲ್ಲಿ ಕೂತು ಒಂದೇ ಅವಿಭಾಜ್ಯ ಸಂಖ್ಯೆ ಎತ್ತಿದ್ದವು.

ನಿಜವಾದ ಗದ್ದಲ ಎಲ್ಲಿಂದ ತರೋದು

ಹಾಗಾಗಿ ಈಗಿನ ಫೋನು, ಕಂಪ್ಯೂಟರ್‌ಗಳು ಬೀಜವನ್ನ ಹೊರಗಿನಿಂದ ಕೂಡಿಸಿಕೊಳ್ತವೆ. ಕೀಲಿ ಒತ್ತಿದ ಎರಡು ಏಟಿನ ಮಧ್ಯದ ಸಮಯ, ಮೌಸ್ ಅಲ್ಲಾಡಿದ ರೀತಿ, ಚಿಪ್ಪಿನೊಳಗಿನ ವಿದ್ಯುತ್ತಿನ ಸಣ್ಣ ನಡುಕ ಎಲ್ಲವನ್ನೂ ಸೇರಿಸಿ ಕಲಸ್ತವೆ. ಕ್ಲೌಡ್‌ಫ್ಲೇರ್ ಕಂಪನಿ ಸ್ಯಾನ್ ಫ್ರಾನ್ಸಿಸ್ಕೊ ಕಚೇರಿಯಲ್ಲಿ ಬಣ್ಣದ ಮೇಣ ತೇಲಾಡೋ ದೀಪಗಳನ್ನ ಗೋಡೆ ತುಂಬ ಇಟ್ಟು, ಕ್ಯಾಮೆರಾದಲ್ಲಿ ಹಿಡಿದ ಚಿತ್ರದಿಂದಲೂ ಬೀಜ ತೆಗೆಯುತ್ತೆ.

ನಮ್ಮ ಬೆಂಗಳೂರಿನಲ್ಲೂ ಈ ಕೆಲಸ ನಡೆದಿದೆ. ಸರ್ ಸಿ.ವಿ. ರಾಮನ್ 1948ರಲ್ಲಿ ಕಟ್ಟಿದ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಊರ್ಬಸಿ ಸಿನ್ಹಾ ಅವರ ತಂಡ ಬೆಳಕಿನ ಒಂಟಿ ಕಣಗಳಿಂದ ರ್‍ಯಾಂಡಮ್ ಸಂಖ್ಯೆ ಹುಟ್ಟಿಸಿ ತೋರಿಸಿದೆ. ಬೆಳಕಿನ ಒಂದು ಕಣ ಯಾವ ಕಡೆ ಹೋಗುತ್ತೆ ಅನ್ನೋದನ್ನ ಪ್ರಕೃತಿಯೇ ಮೊದಲು ಹೇಳಲ್ಲ.

ಕಂಪ್ಯೂಟರ್ ಓದೋ ಮಕ್ಕಳಿಗೆ ಒಂದು ಮಾತು. ಪೈಥಾನ್ ಭಾಷೆಯಲ್ಲಿ ರ್‍ಯಾಂಡಮ್ ಅಂತ ಒಂದು ವಿಭಾಗ, 2016ರಿಂದ ಸೀಕ್ರೆಟ್ಸ್ ಅಂತ ಇನ್ನೊಂದು ವಿಭಾಗ ಇದೆ. ಮೊದಲನೆಯದು ಆಟಕ್ಕೆ, ಲೆಕ್ಕದ ಅಭ್ಯಾಸಕ್ಕೆ. ಅದರೊಳಗೂ ಮರ್ಸೆನ್ ಟ್ವಿಸ್ಟರೇ ಇದೆ, ಅದರ 624 ಪೂರ್ತಿ ಸಂಖ್ಯೆ ನೋಡಿದವರು ಮುಂದಿನದನ್ನೆಲ್ಲ ಲೆಕ್ಕ ಹಾಕಬಲ್ಲರು. ಓಟಿಪಿ, ಪಾಸ್‌ವರ್ಡ್‌ಗೆ ಎರಡನೆಯದೇ ಬೇಕು.

ಚುನಾವಣೆಯಲ್ಲಿ ಎರಡೂ ಇದೆ

ಮತಯಂತ್ರ ಯಾವ ಕ್ಷೇತ್ರಕ್ಕೆ, ಯಾವ ಮತಗಟ್ಟೆಗೆ ಅನ್ನೋದನ್ನ ಚುನಾವಣಾ ಆಯೋಗದ ತಂತ್ರಾಂಶ ಎರಡು ಹಂತದಲ್ಲಿ ಎತ್ತುತ್ತೆ. ಮೊದಲನೆಯದು ಜಿಲ್ಲಾ ಮಟ್ಟದಲ್ಲಿ ಪಕ್ಷಗಳ ಪ್ರತಿನಿಧಿಗಳ ಮುಂದೆ, ಎರಡನೆಯದು ಕ್ಷೇತ್ರದಲ್ಲಿ ಅಭ್ಯರ್ಥಿಗಳ ಅಥವಾ ಅವರ ಏಜೆಂಟರ ಮುಂದೆ.

ಆದರೆ ಮತ ಎಣಿಕೆ ದಿನ ವಿವಿಪ್ಯಾಟ್ ಚೀಟಿ ಎಣಿಸೋ ಮತಗಟ್ಟೆ ಆರಿಸೋದು ಕೈಯಿಂದಲೇ. 2019ರ ಸುಪ್ರೀಂ ಕೋರ್ಟ್ ಆದೇಶದಂತೆ ಅರಕಲಗೂಡು ಸೇರಿ ಪ್ರತಿ ವಿಧಾನಸಭಾ ಕ್ಷೇತ್ರಕ್ಕೆ 5 ಮತಗಟ್ಟೆ. ಕಾಗದದ ಮೇಲೆ ಮತಗಟ್ಟೆ ಸಂಖ್ಯೆ ಬರೆದು, ಎಲ್ಲರಿಗೂ ತೋರಿಸಿ, ಮಡಚಿ, ಡಬ್ಬಕ್ಕೆ ಹಾಕಿ, ಅಲ್ಲಾಡಿಸಿ ಎತ್ತುತ್ತಾರೆ. ಕಂಪ್ಯೂಟರ್ ಇಲ್ಲ ಅಂತ ಅಲ್ಲ. ಚೀಟಿ ಎತ್ತಿದ್ದನ್ನ ಅಕ್ಷರ ಬಾರದವರೂ ನಿಂತು ನೋಡಿ ಒಪ್ಪಬಹುದು.

ಡ್ರಾ ಮಾಡೋರು, ಅಂಗಡಿಯವರು ಏನು ಮಾಡಬಹುದು

ಸಣ್ಣ ಡ್ರಾ ಇದ್ದರೆ ಮೂರು ಡಬ್ಬದ ವಿಧಾನವೇ ಸಾಕು. ಮಿತಿ ದಾಟಿದ್ದನ್ನ ಬಿಟ್ಟು ಮತ್ತೆ ಎತ್ತಬೇಕು ಅನ್ನೋ ನಿಯಮವನ್ನ ಶುರುವಿಗೆ ಮುಂಚೆಯೇ ಮೈಕ್‌ನಲ್ಲಿ ಹೇಳಿಬಿಡಿ.

ಕಂಪ್ಯೂಟರಿನಲ್ಲೇ ಆಗಬೇಕು ಅಂದ್ರೆ ಮೊದಲು ಕೂಪನ್ ಪಟ್ಟಿ ಮುಚ್ಚಿ, ಅದರ ಫೋಟೊ ಎಲ್ಲರ ವಾಟ್ಸಾಪ್‌ಗೆ ಹೋಗಲಿ. ಯಾವ ತಂತ್ರಾಂಶ, ಯಾವ ಆವೃತ್ತಿ, ಯಾವ ಆದೇಶ ಅನ್ನೋದನ್ನೂ ಮೊದಲೇ ಹೇಳಿ. ಆಮೇಲೆ ಸೇರಿದ ಜನರಲ್ಲಿ ಹತ್ತು ಜನರನ್ನ ಕರೆದು, 0ಯಿಂದ 9ರ ಚೀಟಿ ಇರೋ ಡಬ್ಬದಿಂದ ಒಬ್ಬೊಬ್ಬರ ಕೈಲೂ ಒಂದು ಅಂಕಿ ಎತ್ತಿಸಿ, ಪ್ರತಿ ಸಲ ಚೀಟಿ ವಾಪಸ್ ಹಾಕಿ. ಬಂದ ಹತ್ತು ಅಂಕಿಯೇ ಬೀಜ. ಒಟ್ಟು 1,000 ಕೋಟಿ ಸಾಧ್ಯತೆ, ಯಾರಿಗೂ ಮೊದಲೇ ಗೊತ್ತಿಲ್ಲ. ಅದೇ ಬೀಜ ಹಾಕಿದರೆ ಯಾರ ಮನೆಯ ಕಂಪ್ಯೂಟರಿನಲ್ಲೂ ಅದೇ ನಂಬರ್ ಬರುತ್ತೆ, ಅನುಮಾನ ಇದ್ದವರು ತಾವೇ ನಡೆಸಿ ನೋಡಿಕೊಳ್ಳಬಹುದು. ಮೋಸಕ್ಕೆ ದಾರಿ ಆಗಿದ್ದ ಗುಣವೇ ಇಲ್ಲಿ ಸಾಕ್ಷಿ ಆಗುತ್ತೆ.

ಇನ್ನು ಅಂಗಡಿಯವರ ಮಾತು. ಬ್ಯಾಂಕಿನ 617 ಅಂಕಿಯ ಸಂಖ್ಯೆಯನ್ನ ಯಂತ್ರ ನೋಡಿಕೊಳ್ಳುತ್ತೆ. ಯುಪಿಐ ಪಿನ್ನಿನ 4 ಅಥವಾ 6 ಅಂಕಿ ಆರಿಸೋದು ಮನುಷ್ಯರು. ನಾಲ್ಕಂಕಿಯಲ್ಲಿ 10,000 ಪಿನ್ ಮಾಡಬಹುದು, ಆರಂಕಿಯಲ್ಲಿ 10 ಲಕ್ಷ. ಆದರೆ 2012ರಲ್ಲಿ ಡೇಟಾ ಜೆನೆಟಿಕ್ಸ್ ಅನ್ನೋ ಸಂಸ್ಥೆ ಸೋರಿಕೆಯಾದ 34 ಲಕ್ಷ ನಾಲ್ಕಂಕಿ ಪಾಸ್‌ವರ್ಡ್ ನೋಡಿದಾಗ ನೂರಕ್ಕೆ ಸುಮಾರು 11 ಜನ ಇಟ್ಟಿದ್ದು 1234. ಅದರ ಜೊತೆ 1111, 0000 ಸೇರಿಸಿದರೆ ನೂರಕ್ಕೆ 18 ದಾಟುತ್ತೆ. ಫೋನ್ ಕದ್ದವನು ಮೂರು ಸಲ ಒತ್ತಿದರೆ ಐದಾರು ಜನರಲ್ಲಿ ಒಬ್ಬರ ಪಿನ್ ಸಿಗುತ್ತೆ ಅಂತ ಆಯಿತು.

ಹುಟ್ಟಿದ ವರ್ಷ, ಬೈಕ್ ನಂಬರ್, ಅಂಗಡಿ ಬೋರ್ಡ್ ಮೇಲಿನ ಫೋನಿನ ಕೊನೆಯ ನಾಲ್ಕಂಕಿ ಕೂಡ ಇದೇ ಜಾತಿ. ಊರಿನವರಿಗೆಲ್ಲ ಗೊತ್ತಿರೋ ಅಂಕಿ ಅವು. ಹತ್ತು ಕಾಗದದ ಚೂರಿನ ಮೇಲೆ 0ಯಿಂದ 9 ಬರೆದು, ಡಬ್ಬಕ್ಕೆ ಹಾಕಿ, ಒಂದೊಂದಾಗಿ ಎತ್ತಿ ನೋಡಿ ವಾಪಸ್ ಹಾಕುತ್ತ ಪಿನ್ ಮಾಡಿಕೊಂಡರೆ ಐದು ನಿಮಿಷದ ಕೆಲಸ. ಅಂಗಡಿಯ ರೂಟರ್ ಮತ್ತು ಸಿಸಿಟಿವಿ ಪೆಟ್ಟಿಗೆಗೆ ಕಂಪನಿಯವರು ಹಾಕಿಕೊಟ್ಟ ಪಾಸ್‌ವರ್ಡ್ ಹಾಗೇ ಇದ್ದರೆ ಅದನ್ನೂ ಇದೇ ರೀತಿ ಬದಲಿಸಿ. ಪಿನ್ ಎತ್ತಿದ ಚೀಟಿಗಳನ್ನ ಮಾತ್ರ ಗಲ್ಲಾ ಮೇಲೆ ಬಿಡಬೇಡಿ.